ಗ್ಯಾಸ್ ಗೀಸರ್ ಬಳಕೆದಾರರ ಕೈಪಿಡಿ: ಪರಿಷ್ಕೃತ ಆವೃತ್ತಿ



ಈ ಕೈಪಿಡಿಯ ಹಿಂದಿನ ಆವೃತ್ತಿಯನ್ನು ನೀವು ಓದಲಿಲ್ಲ. ಬೇಸರವೇನಿಲ್ಲ, ಬರೆದವರೂ ಅಚ್ಚಾದ ಮೇಲೆ ಅದನ್ನು ಓದಿದಂತಿಲ್ಲ. ಅದು ಪ್ಲಾಸ್ಟಿಕ್ ಕವರಿನೊಳಗೇ ಇದ್ದು, ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿನ ಮೇಲೆ ಸೇರಿ, ಮನೆ ಖಾಲಿ ಮಾಡುವ ದಿನ ಹಳೇ ಪೇಪರಿನವನ ತಕ್ಕಡಿ ಹತ್ತುತ್ತದೆ. ಹಾಗಾಗಿ ಈ ಸಲ ಧೋರಣೆ ಬದಲಿಸಿದ್ದೇವೆ. ಗೀಸರನ್ನು ಹೇಗೆ ಬಳಸಬೇಕು ಎಂಬುದನ್ನು ಪಕ್ಕಕ್ಕಿಟ್ಟು, ನೀವು ಹೇಗಿದ್ದರೂ ಹೇಗೆ ಬಳಸುತ್ತೀರೋ ಅದನ್ನೇ ಆಧಾರವಾಗಿಟ್ಟುಕೊಂಡು ಬರೆದಿದ್ದೇವೆ.

ಪೆಟ್ಟಿಗೆಯಲ್ಲಿ ಏನೇನಿದೆ

ಗೀಸರ್ 1. ಶವರ್ ಪೈಪು 1. ಗೋಡೆಗೆ ಹೊಡೆಯುವ ಸ್ಕ್ರೂ 2, ಅದರಲ್ಲೊಂದು ಕಮೋಡಿನ ಹಿಂದೆ ಬಿದ್ದುಹೋಗುತ್ತದೆ. ದೊಡ್ಡ ಶೆಲ್ಲು 2 ಬೇಕು, ಅವು ಪೆಟ್ಟಿಗೆಯಲ್ಲಿಲ್ಲ. ರಿಮೋಟಿನ ಶೆಲ್ಲಿಗೆ ಕಾಗದ ಸುತ್ತಿ ದಪ್ಪ ಮಾಡುವ ಪ್ರಯೋಗ ಬೇಡ. ಐಎಸ್ 15558 ಎಂಬ ಮುದ್ರೆ ಇದೆಯೇ ನೋಡಿಕೊಳ್ಳಿ. ಎಲ್‌ಪಿಜಿಯ ಪುಟ್ಟ ಗೀಸರುಗಳಿಗೆಂದೇ ಇರುವ ಭಾರತೀಯ ಮಾನದಂಡ ಅದು. ನೀವು ಅಂಗಡಿಯಲ್ಲಿ ನೋಡಿದ್ದು ಡಿಸ್ಕೌಂಟ್ ಚೀಟಿಯನ್ನು ಎಂಬುದು ನಮಗೆ ಗೊತ್ತು.

ಎಲ್ಲಿ ಹಾಕಬೇಕು

ಬಾತ್‌ರೂಮಿನ ಹೊರಗೆ. ಯುಟಿಲಿಟಿಯಲ್ಲಿ, ಬಾಲ್ಕನಿಯಲ್ಲಿ, ಗಾಳಿಯಾಡುವ ಗೋಡೆಯ ಮೇಲೆ ಹಾಕಿ, ಬಿಸಿನೀರಿನ ಪೈಪನ್ನಷ್ಟೇ ಒಳಗೆ ತಂದುಕೊಳ್ಳಬೇಕು. ಇದು ಒಂದು ಸಾಲಿನಲ್ಲಿ ಮುಗಿಯುವ ಸೂಚನೆ. ನೀವು ಒಳಗೇ ಹಾಕುವುದರಿಂದ ಉದ್ದವಾಗಿ ಬರೆಯಬೇಕಾಗಿದೆ.

ಒಳಗೇ ಹಾಕಲು ನಿಮ್ಮಲ್ಲಿರುವ ಕಾರಣಗಳನ್ನು ನಾವು ಒಪ್ಪುತ್ತೇವೆ. ಬಾಡಿಗೆ ಮನೆ. ಗೋಡೆ ತೂತು ಮಾಡಿದರೆ ಓನರ್ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಪೈಪು ಉದ್ದವಾದರೆ ಮೊದಲ ಅರ್ಧ ಬಕೆಟ್ ತಣ್ಣೀರು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಬಾಡಿಗೆದಾರರು ಹೊಡೆದ ಮೊಳೆ ಅಲ್ಲಿಯೇ ಇದೆ.

ಈಗ ಲೆಕ್ಕ ನೋಡೋಣ. ನಿಮಿಷಕ್ಕೆ 6 ಲೀಟರ್ ನೀರನ್ನು 25 ಡಿಗ್ರಿ ಬಿಸಿಯೇರಿಸಲು ಸುಮಾರು ಹತ್ತೂವರೆ ಕಿಲೋವ್ಯಾಟ್ ಬೇಕು. ಕರೆಂಟಿನ 2 ಕಿಲೋವ್ಯಾಟ್ ಗೀಸರುಗಳು ಐದು ಸೇರಿ ಮಾಡುವ ಕೆಲಸವನ್ನು ಗೋಡೆಯ ಮೇಲಿನ ಈ ಡಬ್ಬ ಒಂದೇ ಮಾಡುತ್ತದೆ. ಹತ್ತು ನಿಮಿಷದ ಸ್ನಾನಕ್ಕೆ ಸುಮಾರು 160 ಗ್ರಾಂ ಗ್ಯಾಸ್ ಉರಿಯುತ್ತದೆ. 14.2 ಕೆಜಿ ಸಿಲಿಂಡರು ಎಷ್ಟು ದಿನ ಬರುತ್ತದೆಂಬ ಲೆಕ್ಕವನ್ನು ನೀವು ಆಗಲೇ ಮಾಡಿ ಮುಗಿಸಿರುತ್ತೀರಿ. ಯಾರೂ ಮಾಡದ ಲೆಕ್ಕ ಗಾಳಿಯದು. ಅಷ್ಟು ಗ್ಯಾಸ್ ಪೂರ್ತಿ ಉರಿಯಲು ಸುಮಾರು 2 ಘನ ಮೀಟರ್ ಗಾಳಿ ಬೇಕು. ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಾತ್‌ರೂಮಿನಲ್ಲಿರುವ ಗಾಳಿಯೇ ಒಟ್ಟು 8 ಘನ ಮೀಟರ್. ಕಿಂಡಿಗಳೆಲ್ಲ ಮುಚ್ಚಿದ್ದರೆ ಒಬ್ಬರ ಸ್ನಾನಕ್ಕೆ ಕೋಣೆಯ ಕಾಲು ಭಾಗ ಗಾಳಿಯ ಆಮ್ಲಜನಕ ಖರ್ಚು. ಮಾಮೂಲು ಗಾಳಿಯಲ್ಲಿ ಶೇ. 21 ಇರುವ ಆಮ್ಲಜನಕ 18ಕ್ಕೆ ಇಳಿಯಲು ಐದಾರು ನಿಮಿಷ ಸಾಕು. ಅಲ್ಲಿಂದಾಚೆಗೆ ಉರಿ ಸರಿಯಾಗಿ ಉರಿಯುವುದಿಲ್ಲ, ಕಾರ್ಬನ್ ಮೊನಾಕ್ಸೈಡ್ ಜೋರಾಗಿ ಹುಟ್ಟತೊಡಗುತ್ತದೆ. ಕೆಲವು ಗೀಸರುಗಳಲ್ಲಿ ತಾನೇ ಆರುವ ಟೈಮರ್ ಇರುತ್ತದೆ, ಇಪ್ಪತ್ತು ನಿಮಿಷದ್ದು. ಐದನ್ನೂ ಇಪ್ಪತ್ತನ್ನೂ ನೀವೇ ಹೋಲಿಸಿಕೊಳ್ಳಿ. ನಲ್ಲಿ ಒಮ್ಮೆ ನಿಲ್ಲಿಸಿ ತಿರುಗಿಸಿದರೆ ಆ ಇಪ್ಪತ್ತೂ ಮೊದಲಿನಿಂದ ಶುರು.

‘ವೆಂಟಿಲೇಟರ್ ಇದೆಯಲ್ಲ’ ಎನ್ನುತ್ತೀರಿ. ಇತ್ತು. ಸೊಳ್ಳೆಗೆಂದು ಅದಕ್ಕೆ ಪ್ಲಾಸ್ಟಿಕ್ ಹಾಳೆ ಹೊಡೆದಿದ್ದೀರಿ, ಡಿಸೆಂಬರ್ ಚಳಿಗೆಂದು ಅದರ ಮೇಲೆ ಹಳೇ ಕ್ಯಾಲೆಂಡರ್. ‘ಎಕ್ಸಾಸ್ಟ್ ಫ್ಯಾನ್ ಇದೆಯಲ್ಲ’ ಎಂದರೆ, ಒಳಗೆ ಬರುವ ಗಾಳಿಗೆ ದಾರಿಯೇ ಇಲ್ಲದಿದ್ದರೆ ಫ್ಯಾನು ಯಾವುದನ್ನು ಹೊರಗೆ ತಳ್ಳೀತು? ಫ್ಲೂ ಪೈಪಿರುವ ಗೀಸರಾದರೆ ಅದೇ ಫ್ಯಾನು, ಹೊರಗೆ ಹೋಗುತ್ತಿದ್ದ ಹೊಗೆಯನ್ನು ಪೈಪಿನಿಂದ ವಾಪಸು ಎಳೆದುಕೊಳ್ಳುವುದೂ ಉಂಟು.

‘ನಮ್ಮಜ್ಜಿ ಕಾಲದಲ್ಲಿ ಬಚ್ಚಲಲ್ಲೇ ಒಲೆ ಇರಲಿಲ್ಲವೇ? ತೊಂಬತ್ತು ವರ್ಷ ಬದುಕಿದರು.’ ಈ ವಾದ ಮಲೆನಾಡಿನ ಗ್ರಾಹಕರಿಂದ ಹೆಚ್ಚಾಗಿ ಬರುತ್ತದೆ, ಆದ್ದರಿಂದ ಗೌರವದಿಂದಲೇ ಉತ್ತರಿಸುತ್ತೇವೆ. ಆ ಬಚ್ಚಲಿಗೆ ಹಂಚಿನ ಮಾಡು. ಮಾಡಿಗೂ ಗೋಡೆಗೂ ನಡುವೆ ಬೆಕ್ಕು ಓಡಾಡುವಷ್ಟು ಸಂದು. ಹಂಡೆಯ ಬಾಯಿಯನ್ನು ಬಿಟ್ಟರೆ ಅಲ್ಲಿ ಮುಚ್ಚುವಂಥದ್ದೇನೂ ಇರಲಿಲ್ಲ. ಮೇಲಾಗಿ ಹಸಿ ಸೌದೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಹಾಕಿದರೆ ಕಣ್ಣುರಿಯಿತು, ಕೆಮ್ಮು ಬಂತು, ಬಾಗಿಲು ತೆಗೆದು ಓಡಿಬಂದರು. ಆ ಹೊಗೆಯೇ ಒಂದು ಸುರಕ್ಷತಾ ಸಾಧನ. ನಮ್ಮ ಗೀಸರು ಹೊಗೆ ಕಾಣಿಸದ, ಕಣ್ಣುರಿಸದ ಸುಸಂಸ್ಕೃತ ಉಪಕರಣ. ಮೈಯೆಲ್ಲ ಕಣ್ಣಾಗಿರಬೇಕಾದ್ದು ಅದಕ್ಕೇ.

ಹಚ್ಚುವ ಕ್ರಮ

ನಲ್ಲಿ ತಿರುಗಿಸಿ. ನಿಮ್ಮ ಪಾತ್ರ ಇಲ್ಲಿಗೆ ಮುಗಿಯಿತು. ಉಳಿದದ್ದನ್ನು ಗೀಸರ್ ನೋಡಿಕೊಳ್ಳುತ್ತದೆ, ಆದರೆ ನಿಮ್ಮ ಮಾತನ್ನು ನಂಬಿ ಅಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ ಒಂದೊಂದೇ ದಾಖಲೆ ಕೇಳುತ್ತದೆ. ಒಂದು ಇಲ್ಲದಿದ್ದರೂ ಕಡತ ಮುಂದೆ ಹೋಗುವುದಿಲ್ಲ.

ಮೊದಲ ಪ್ರಶ್ನೆ: ನೀರಿದೆಯೇ? ನೀರು ಹರಿಯುವ ದಾರಿಯಲ್ಲಿ ರಬ್ಬರಿನ ತೆಳು ಪೊರೆಯೊಂದಿದೆ. ನೀರು ಹರಿದಾಗ ಅದರ ಎರಡು ಬದಿಯ ಒತ್ತಡದಲ್ಲಿ ವ್ಯತ್ಯಾಸವಾಗಿ ಪೊರೆ ಉಬ್ಬುತ್ತದೆ, ಕಡ್ಡಿಯೊಂದನ್ನು ತಳ್ಳುತ್ತದೆ, ಆ ಕಡ್ಡಿ ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ. ನೀರಿಲ್ಲದೆ ಉರಿ ಹತ್ತಿದರೆ ತಾಮ್ರದ ಕೊಳವೆ ಸುಟ್ಟುಹೋಗುತ್ತದೆ, ಅದಕ್ಕೇ ಈ ಜಾಗ್ರತೆ. ಪೊರೆ ಉಬ್ಬಲು ಸುಮಾರು 0.2 ಬಾರ್ ಒತ್ತಡ ಬೇಕು. ಅಂದರೆ ಟ್ಯಾಂಕಿನ ನೀರು ಗೀಸರಿಗಿಂತ ಎರಡು ಮೀಟರಾದರೂ ಮೇಲಿರಬೇಕು. ಕೊನೆಯ ಮಹಡಿಯವರ ಗೀಸರ್ ಹತ್ತದೆ ಸತಾಯಿಸಿದರೆ ನಮ್ಮನ್ನು ಬೈಯುವ ಮುನ್ನ ತಾರಸಿ ಹತ್ತಿ ನೋಡಿ. ಸಿಂಟೆಕ್ಸ್ ಟ್ಯಾಂಕಿಗೆ ಕಟ್ಟೆ ಕಟ್ಟದೆ ನೆಲಕ್ಕೇ ಕೂರಿಸಿದ ಮೇಸ್ತ್ರಿಯ ಉಳಿತಾಯ ಅಲ್ಲಿ ಕಾಣುತ್ತದೆ.

ಎರಡನೆಯದು ಕಿಡಿ. ಎರಡು ಶೆಲ್ಲಿನ 3 ವೋಲ್ಟನ್ನು ಒಳಗಿನ ಸರ್ಕ್ಯೂಟು ಸಾವಿರಾರು ವೋಲ್ಟಿಗೆ ಏರಿಸಿ, ಬರ್ನರ್ ಮೇಲೆ ಟಕಟಕನೆ ಕಿಡಿ ಹಾರಿಸುತ್ತದೆ. ಅದೇ ಹೊತ್ತಿಗೆ ಗ್ಯಾಸಿನ ಕವಾಟವೂ ತೆರೆಯುತ್ತದೆ. ಅಡುಗೆಮನೆಯ ಲೈಟರಿನಲ್ಲಿ ಕಿಡಿ ಬರುವುದು ಬೇರೆ ರೀತಿ. ಅಲ್ಲಿ ಶೆಲ್ಲೇ ಇಲ್ಲ. ಒತ್ತಿದರೆ ವಿದ್ಯುತ್ ಹುಟ್ಟಿಸುವ ಹರಳೊಂದರ ಮೇಲೆ ಸ್ಪ್ರಿಂಗಿನ ಸುತ್ತಿಗೆ ಬೀಳುತ್ತದೆ, ಅಷ್ಟೇ. ಹರಳಿನ ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಕೊಂಡರು.

ಮೂರನೆಯ ಪ್ರಶ್ನೆಯೇ ಇಡೀ ಯಂತ್ರದ ಜೀವ: ಉರಿ ಹತ್ತಿತೇ? ಗ್ಯಾಸ್ ಬಿಟ್ಟಾಗಿದೆ, ಉರಿ ಹತ್ತಲಿಲ್ಲ ಎಂದುಕೊಳ್ಳಿ. ನಿಮಿಷಕ್ಕೆ ಏಳೆಂಟು ಲೀಟರ್ ಗ್ಯಾಸ್ ಸುಮ್ಮನೆ ಹೊರಗೆ ಸುರಿಯುತ್ತದೆ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲಕ್ಕೆ ಇಳಿದು ಬಚ್ಚಲ ಮೂಲೆಯಲ್ಲಿ ಮಡುಗಟ್ಟುತ್ತದೆ. ಗಾಳಿಯಲ್ಲಿ ಶೇ. 2ರಷ್ಟು ಸೇರಿದರೂ ಹೊತ್ತಿಕೊಳ್ಳಲು ಸಾಕು. ಹಾಗಾಗಿ ಗೀಸರಿಗೆ ಕೆಲವೇ ಸೆಕೆಂಡುಗಳ ಸಹನೆ. ಅಷ್ಟರಲ್ಲಿ ಉರಿ ಕಾಣದಿದ್ದರೆ ಕವಾಟ ಮುಚ್ಚುತ್ತದೆ, ನಲ್ಲಿ ನಿಲ್ಲಿಸಿ ಮತ್ತೆ ತಿರುಗಿಸುವವರೆಗೂ ತೆರೆಯುವುದಿಲ್ಲ.

ಉರಿಯನ್ನು ಅದು ನೋಡುವುದು ಹೇಗೆ? ಕಣ್ಣಿಂದಲ್ಲ, ಬಿಸಿಯಿಂದಲೂ ಅಲ್ಲ. ಉರಿಯೊಳಗೆ ಅಣುಗಳು ಒಡೆದು ವಿದ್ಯುದಾವೇಶ ಹೊತ್ತು ಓಡಾಡುತ್ತಿರುತ್ತವೆ, ಆದ್ದರಿಂದ ಉರಿಯ ಮೂಲಕ ಒಂದಿಷ್ಟು ಕರೆಂಟು ಹರಿಯಬಲ್ಲದು, ಆಂಪಿಯರಿನ ಹತ್ತು ಲಕ್ಷದ ಕೆಲವೇ ಭಾಗದಷ್ಟು. ಉರಿಗೆ ತಾಗುವಂತೆ ಲೋಹದ ಕಡ್ಡಿಯೊಂದನ್ನು ಇಟ್ಟು, ಕಡ್ಡಿಗೂ ಬರ್ನರಿಗೂ ನಡುವೆ ದಿಕ್ಕು ಬದಲಿಸುವ ವೋಲ್ಟೇಜನ್ನು ಕೊಡುತ್ತಾರೆ. ಬರ್ನರ್ ದೊಡ್ಡದು, ಕಡ್ಡಿ ಸಣ್ಣದು. ಹಾಗಾಗಿ ಉರಿಯಿದ್ದಾಗ ಕರೆಂಟು ಒಂದು ದಿಕ್ಕಿಗೆ ಚೆನ್ನಾಗಿ, ಇನ್ನೊಂದು ದಿಕ್ಕಿಗೆ ನಾಮಕಾವಾಸ್ತೆ ಹರಿಯುತ್ತದೆ. ಈ ಏಕಮುಖ ಕರೆಂಟೇ ಉರಿಯ ಸಹಿ. ಕಡ್ಡಿ ವಾಲಿ ಲೋಹಕ್ಕೆ ತಾಗಿದರೆ ಕರೆಂಟು ಎರಡೂ ದಿಕ್ಕಿಗೆ ಸಮನಾಗಿ ಹರಿಯುತ್ತದೆ, ಕಂಟ್ರೋಲರ್ ಅದನ್ನು ಒಪ್ಪುವುದಿಲ್ಲ. ಕಡ್ಡಿಯನ್ನು ಬೇರೆ ಕಡೆ ಕಾಯಿಸಿ ತಂದು ಇಟ್ಟರೂ ಒಪ್ಪುವುದಿಲ್ಲ. ಈ ಸಹಿಯನ್ನು ನಕಲು ಮಾಡುವುದು ಸುಲಭವಲ್ಲ. ಇದನ್ನು ಯೋಚಿಸಿದವರ ಬಗ್ಗೆ ನಮಗಂತೂ ಅಸೂಯೆ.

ಶೆಲ್ಲಿಲ್ಲದ ಹಳೆಯ ಬಗೆಯ ಗೀಸರುಗಳಲ್ಲಿ, ಕೆಲವು ಹೊಸ ಹಾಬ್ ಒಲೆಗಳಲ್ಲಿ ಇದೇ ಕೆಲಸವನ್ನು ಥರ್ಮೋಕಪಲ್ ಮಾಡುತ್ತದೆ. ಎರಡು ಬಗೆಯ ಲೋಹದ ತಂತಿಗಳನ್ನು ಬೆಸೆದು ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಗಮನಿಸಿದ ಸಂಗತಿ ಇದು. ಸಿಗುವುದು 20–30 ಮಿಲಿವೋಲ್ಟ್. ಕವಾಟವನ್ನು ಎತ್ತುವ ತಾಕತ್ತು ಅದಕ್ಕಿಲ್ಲ, ಎತ್ತಿದ್ದನ್ನು ಅಯಸ್ಕಾಂತದಿಂದ ಹಿಡಿದಿಡುವಷ್ಟು ಇದೆ. ಎತ್ತುವುದು ನಿಮ್ಮ ಹೆಬ್ಬೆರಳು. ಗುಂಡಿಯನ್ನು ಒತ್ತಿ ಹಿಡಿದು, ಬಿಟ್ಟ ಕೂಡಲೇ ಆರಿಹೋಯಿತೆಂದು ಶಪಿಸುತ್ತೀರಲ್ಲ, ನೀವು ಬೆಸುಗೆ ಕಾಯುವ ಮೊದಲೇ ಕೈಬಿಟ್ಟಿರಿ. ಉರಿ ಆರಿದರೆ ಬೆಸುಗೆ ತಣಿಯುತ್ತದೆ, ಅಯಸ್ಕಾಂತದ ಹಿಡಿತ ಸಡಿಲುತ್ತದೆ, ಸ್ಪ್ರಿಂಗು ಗ್ಯಾಸನ್ನು ಮುಚ್ಚುತ್ತದೆ. ನಮ್ಮ ಮಾಮೂಲು ಗ್ಯಾಸ್ ಒಲೆಗಳಲ್ಲಿ ಇಂಥದ್ದು ಇರುವುದಿಲ್ಲ. ಹಾಲು ಉಕ್ಕಿ ಉರಿ ಆರಿದರೆ ಗ್ಯಾಸ್ ಬರುತ್ತಲೇ ಇರುತ್ತದೆ, ಅಲ್ಲಿ ಕೆಲಸ ಮಾಡಬೇಕಾದ್ದು ಮನೆಯವರ ಮೂಗು. ಗೃಹಪ್ರವೇಶದ ದಿನ ಬೇಕೆಂದೇ ಹಾಲು ಉಕ್ಕಿಸುವವರು ನಾವು. ಹೊಸ ಹಾಬ್‌ನ ಥರ್ಮೋಕಪಲ್ಲಿಗೆ ಮೊದಲ ಮುಹೂರ್ತದಲ್ಲೇ ಸತ್ವಪರೀಕ್ಷೆ.

ವಂಶಾವಳಿ

ಇಂಥ ತತ್‌ಕ್ಷಣ ನೀರು ಕಾಯಿಸುವ ಯಂತ್ರವನ್ನು 1868ರಲ್ಲಿ ಲಂಡನ್ನಿನ ಬೆಂಜಮಿನ್ ವ್ಯಾಡಿ ಮಾನ್ ಮಾಡಿದ. ಅದಕ್ಕೆ ಹೊಗೆ ಹೊರಹೋಗುವ ಪೈಪೇ ಇರಲಿಲ್ಲ. ಜರ್ಮನಿಯ ದೆಸಾವ್‌ನಲ್ಲಿ ಹ್ಯೂಗೋ ಯುಂಕರ್ಸ್ 1890ರ ದಶಕದಲ್ಲಿ ಸುಧಾರಿಸಿದ ಗೀಸರ್ ಮಾರಿ ಹಣ ಮಾಡಿ, ಮುಂದೆ ಲೋಹದ ವಿಮಾನ ಕಟ್ಟಿದ. ನೀವು ಕಟ್ಟಬೇಕಿಲ್ಲ, ಮಾನ್ ಮರೆತ ಪೈಪನ್ನು ಹಾಕಿಸಿದರೆ ಸಾಕು.

ತೊಂದರೆ ಮತ್ತು ಪರಿಹಾರ

ಟಕಟಕ ಸದ್ದು ಬರುತ್ತದೆ, ಉರಿ ಹತ್ತುವುದಿಲ್ಲ: ಸಿಲಿಂಡರ್ ಖಾಲಿ ಇರಬಹುದು, ಇಲ್ಲವೇ ರೆಗ್ಯುಲೇಟರ್ ಆಫ್ ಆಗಿದೆ. ಮೊದಲು ಅದನ್ನು ನೋಡಿ, ಆಮೇಲೆ ಮನೆಯವರ ಮೇಲೆ ರೇಗಿ.

ಟಕಟಕ ಸದ್ದೂ ಇಲ್ಲ: ಶೆಲ್ಲು ಮುಗಿದಿದೆ. ಶೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವ ವಿದ್ಯೆ ನಿಮಗೆ ತಾತನಿಂದ ಬಂದಿದೆ, ಬಲ್ಲೆವು. ಹೊಸದು ತನ್ನಿ.

ಹತ್ತುತ್ತದೆ, ಐದು ಸೆಕೆಂಡಿಗೆ ಆರುತ್ತದೆ: ಕಡ್ಡಿಗೆ ಮಸಿ ಹಿಡಿದು ಉರಿಯ ಸಹಿ ಸಿಗುತ್ತಿಲ್ಲ. ಒರೆಸಬೇಕು.

ಉರಿ ಹಳದಿಯಾಗಿದೆ: ಉರಿಗೆ ಗಾಳಿ ಸಾಲದು. ಬರ್ನರಿನಲ್ಲಿ ಜೇಡ ಬಲೆ ಕಟ್ಟಿರಬಹುದು, ಫ್ಲೂ ಪೈಪಿನ ಬಾಯಿಗೆ ಕುಂಬಾರ ಹುಳು ಮಣ್ಣಿನ ಗೂಡು ಮಾಡಿರಬಹುದು, ತಾಮ್ರದ ರೆಕ್ಕೆಗಳ ನಡುವೆ ಮಸಿ ತುಂಬಿರಬಹುದು. ನೀಲಿ ಉರಿ ಬರುವವರೆಗೂ ಬಳಸಬೇಡಿ.

ಮನೆಗೆ ಪೈಪ್ ಗ್ಯಾಸ್ ಬಂತು, ಈಗ ನೀರು ಕಾಯುವುದಿಲ್ಲ: ಸಿಲಿಂಡರಿನದು ಪ್ರೊಪೇನ್, ಬ್ಯುಟೇನ್. ಪೈಪಿನದು ಮೀಥೇನ್, ಅದೇ ಗಾತ್ರಕ್ಕೆ ಅರ್ಧಕ್ಕಿಂತ ಕಡಿಮೆ ಶಾಖ. ಗ್ಯಾಸ್ ಚಿಮ್ಮುವ ಜೆಟ್ ಬದಲಿಸದೆ ಬಳಸುವ ಹಾಗಿಲ್ಲ. ತೂತನ್ನು ಸೂಜಿಯಿಂದ ದೊಡ್ಡದು ಮಾಡುವುದು ಜೆಟ್ ಬದಲಿಸಿದಂತಾಗುವುದಿಲ್ಲ.

ಗೀಸರ್ ಪದೇಪದೇ ತಾನಾಗಿ ಆರುತ್ತದೆ: ಅದು ಏನೋ ಹೇಳುತ್ತಿದೆ. ನೀವು ಮೆಕ್ಯಾನಿಕ್‌ನನ್ನು ಕರೆಯುತ್ತೀರಿ. ಅವನು ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು, ‘ಸಾರ್, ಸೆನ್ಸರ್ ಪ್ರಾಬ್ಲಮ್ಮು. ಡೈರೆಕ್ಟ್ ಕೊಟ್ಬಿಡ್ತೀನಿ’ ಎನ್ನುತ್ತಾನೆ. ‘ಏನೂ ತೊಂದ್ರೆ ಇಲ್ವಾ?’ ‘ಎಷ್ಟೋ ಮನೇಲಿ ಕೊಟ್ಟಿದೀನಿ ಸಾರ್.’ ನೀರಿನ ಸ್ವಿಚ್ಚಿಗೆ ಒಂದು ತಂತಿ, ಅತಿಶಾಖದ ಸೆನ್ಸರಿಗೆ ಒಂದು ತಂತಿ, ಎರಡೂ ಪ್ರಶ್ನೆಗಳಿಗೆ ‘ಹೌದು’ ಎಂಬ ಶಾಶ್ವತ ಉತ್ತರ. ಗುಮಾಸ್ತನ ಬಾಯಿ ಕಟ್ಟಿತು. ಮೆಕ್ಯಾನಿಕ್‌ನ ಕೈಗೆ ಬಗ್ಗದ್ದು ಉರಿಯ ಕಡ್ಡಿಯೊಂದೇ, ಏಕೆಂದರೆ ಬರಿ ತಂತಿ ಎರಡೂ ದಿಕ್ಕಿಗೆ ಕರೆಂಟು ಬಿಡುತ್ತದೆ, ಏಕಮುಖ ಸಹಿ ಹಾಕಲು ಅದಕ್ಕೆ ಬರುವುದಿಲ್ಲ. ಆ ಕಡ್ಡಿಯನ್ನು ಅವನು ‘ಫಾಲ್ಟಿ’ ಎಂದು ಕರೆಯುತ್ತಾನೆ.

ಸ್ನಾನ ಮಾಡುವಾಗ

ಇಲ್ಲಿಯವರೆಗೆ ಹೇಳಿದ ಕಾವಲು ಹೆಚ್ಚಾಗಿ ಯಂತ್ರದ ಮೇಲೆ, ಇಲ್ಲವೇ ಉರಿಯದ ಗ್ಯಾಸಿನ ಮೇಲೆ. ಉರಿದ ಗ್ಯಾಸಿನ ಮೇಲೆ ಕಾವಲು ಕಡಿಮೆ, ಅಗ್ಗದ ಮಾದರಿಗಳಲ್ಲಿ ಇಲ್ಲವೇ ಇಲ್ಲ. ಗೀಸರ್ ಕೇಳುವುದು ಉರಿ ಇದೆಯೇ ಎಂದು, ನೀವು ಇದ್ದೀರಾ ಎಂದಲ್ಲ. ಕಾರ್ಬನ್ ಮೊನಾಕ್ಸೈಡ್ ಮನುಷ್ಯನನ್ನು ಕೆಡವಿದ ಮೇಲೂ ಆ ಉರಿ ಉರಿಯುತ್ತಿರಬಲ್ಲದು, ಕಡ್ಡಿ ಸಹಿ ಹಾಕುತ್ತಿರಬಲ್ಲದು, ಕಂಟ್ರೋಲರಿನ ಪ್ರಕಾರ ಎಲ್ಲವೂ ಕ್ಷೇಮ.

ಕೆಲವು ಉಪಕರಣಗಳಲ್ಲಿ ಇದಕ್ಕೂ ಉಪಾಯವಿದೆ. ಆಮ್ಲಜನಕ ಶೇ. 18ರ ಸುಮಾರಿಗೆ ಇಳಿದಾಗ ಪುಟ್ಟ ಪೈಲಟ್ ಉರಿಯೊಂದು ನೀಳವಾಗಿ, ಥರ್ಮೋಕಪಲ್ಲಿನಿಂದ ಮೇಲೆದ್ದು ದೂರ ಸರಿಯುವಂತೆ ಅದನ್ನು ನಿಖರವಾಗಿ ಹದ ಮಾಡಿರುತ್ತಾರೆ. ಬೆಸುಗೆ ತಣಿದು ಗ್ಯಾಸ್ ನಿಲ್ಲುತ್ತದೆ. ಗಾಳಿಯ ರುಚಿ ನೋಡಲು ಉರಿಯನ್ನೇ ಬಳಸಿಕೊಂಡ ಈ ಜಾಣತನ ನಿಮ್ಮ ಗೀಸರಿನಲ್ಲಿ ಇದೆಯೇ ಎಂದು ಅಂಗಡಿಯವನನ್ನು ಕೇಳಿ. ಅವನು ‘ಎಲ್ಲಾ ಸೇಫ್ಟಿ ಬರುತ್ತೆ’ ಎನ್ನುತ್ತಾನೆ. ಮತ್ತೊಮ್ಮೆ ಕೇಳಿ.

ಮೂಗನ್ನು ನಂಬಬೇಡಿ. ಎಲ್‌ಪಿಜಿಯ ವಾಸನೆ ಅದರದ್ದಲ್ಲ, ಸೋರಿದರೆ ತಿಳಿಯಲೆಂದು ಬೆರೆಸಿದ ಮರ್ಕ್ಯಾಪ್ಟನ್‌ನದು. ಉರಿದಾಗ ಆ ವಾಸನೆಯೂ ಉರಿದುಹೋಗುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕಾಲಲ್ಲಿ ಬಲವಿಲ್ಲದಿರುವುದು, ಆಮೇಲೆ ಬಿದ್ದುಹೋಗುವುದು. ಮೊದಲ ನಾಲ್ಕಕ್ಕೆ ನಮ್ಮ ಮನೆಗಳಲ್ಲಿ ಸಿದ್ಧ ಉತ್ತರಗಳಿವೆ: ಪಿತ್ತ, ಬಿಪಿ ಲೋ, ಖಾಲಿ ಹೊಟ್ಟೆ, ದೃಷ್ಟಿ. ಐದನೆಯದಕ್ಕೂ ಒಂದಿದೆ. ಬಿಸಿನೀರು ತಲೆಗೆ ಹೊಯ್ದುಕೊಂಡಾಗ ಬರುವ ಮೂರ್ಛೆ ಎಂಬುದು ನಿಜವಾಗಿಯೂ ಇದೆ, ದಕ್ಷಿಣ ಕರ್ನಾಟಕದಲ್ಲಿ ಅದು ಅಪರೂಪವೇನಲ್ಲ, ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದನ್ನು ದಶಕಗಳಿಂದ ಅಧ್ಯಯನ ಮಾಡಿದ್ದಾರೆ. ಹಾಗಾಗಿ ಬಚ್ಚಲಲ್ಲಿ ಬಿದ್ದವರ ಕೈಗೆ ಬೀಗದ ಕೈ ಕೊಟ್ಟು, ಈರುಳ್ಳಿ ಮೂಸಿಸಿ, ‘ಫಿಟ್ಸು’ ಎಂದು ತೀರ್ಮಾನಿಸಿಬಿಡುತ್ತಾರೆ. ಗೋಡೆಯ ಮೇಲಿನ ಡಬ್ಬದ ಕಡೆ ಯಾರೂ ನೋಡುವುದಿಲ್ಲ. ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂದು ವೈದ್ಯರು ಹೆಸರನ್ನೇ ಇಟ್ಟಾಗಿದೆ. ಬಿದ್ದವರನ್ನು ಮೊದಲು ಗಾಳಿಗೆ ಎಳೆದು ತನ್ನಿ, ಗ್ಯಾಸ್ ನಿಲ್ಲಿಸಿ, ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ತಪ್ಪದೆ ಹೇಳಿ. ಬರೀ ಗಾಳಿಯಲ್ಲಿ ರಕ್ತದಿಂದ ಅರ್ಧ ವಿಷ ಇಳಿಯಲು ನಾಲ್ಕೈದು ಗಂಟೆ ಬೇಕು, ಶುದ್ಧ ಆಮ್ಲಜನಕ ಕೊಟ್ಟರೆ ಒಂದೂವರೆ ಗಂಟೆಯ ಸುಮಾರು.

ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಈ ವಿಷವನ್ನು ಕಂಡುಹಿಡಿಯಲು 1986ರವರೆಗೂ ಕ್ಯಾನರಿ ಹಕ್ಕಿಗಳಿದ್ದವು. ನಿಮ್ಮ ಓನರ್ ನಾಯಿಗೇ ಒಪ್ಪಿಲ್ಲ, ಕ್ಯಾನರಿಯ ಮಾತು ಬೇಡ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಸಿಗುತ್ತದೆ, ಕೊಳ್ಳಿ. ಅದೂ ಇಲ್ಲದ ಮನೆಗಳಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಒಂದು ಸಾಧನವಿದೆ, ಬಾಗಿಲಾಚೆಯಿಂದ ಬರುವ ಧ್ವನಿ: ‘ಇನ್ನೂ ಆಗ್ಲಿಲ್ವೇನೋ? ಗ್ಯಾಸೆಲ್ಲ ಖಾಲಿ ಮಾಡ್ತೀಯಾ?’ ಇದು ಐದೈದು ನಿಮಿಷಕ್ಕೊಮ್ಮೆ ಬರುವಂತೆ ನೋಡಿಕೊಳ್ಳಿ. ‘ಬಂದೆ ಅಮ್ಮಾ’ ಎಂದು ಉತ್ತರ ಬಂದರೆ ಸರಿ, ಬಾರದಿದ್ದರೆ ಬಾಗಿಲು ಒಡೆಯಿರಿ. ಚಿಲಕ ಹಾಕದಿದ್ದರೆ ಒಡೆಯುವ ಖರ್ಚೂ ಉಳಿಯಿತು. ಇನ್ನೂ ಒಳ್ಳೆಯದೆಂದರೆ ಬಕೆಟ್‌ಗಳಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆಗೆದು ಗಾಳಿಯಾಡಿಸಿ, ಆಮೇಲೆ ಸ್ನಾನಕ್ಕೆ ಹೋಗುವುದು. ಶವರಿನ ಸುಖ ಹೋಗುತ್ತದೆ, ನಿಜ.

ಗ್ಯಾರಂಟಿ

ಬಾತ್‌ರೂಮಿನೊಳಗೆ ಅಳವಡಿಸಿದ ಗೀಸರಿಗೆ ಗ್ಯಾರಂಟಿ ಇರುವುದಿಲ್ಲ. ಅಳವಡಿಸಲು ನಮ್ಮ ಕಡೆಯಿಂದ ಬರುವ ಹುಡುಗ ನೇರವಾಗಿ ಬಾತ್‌ರೂಮಿನೊಳಗೇ ಹೋಗುತ್ತಾನೆ. ಅವನಿಗೆ ಟೀ ಕೊಟ್ಟು ತಡೆಯಿರಿ. ಡ್ರಿಲ್ ಕೈಗೆತ್ತಿಕೊಳ್ಳುವ ಮುಂಚೆ ‘ಯುಟಿಲಿಟಿಗೆ ಹಾಕಪ್ಪಾ’ ಎನ್ನಿ. ‘ಪೈಪು ಎಕ್ಸ್‌ಟ್ರಾ ಆಗುತ್ತೆ ಸಾರ್’ ಎನ್ನುತ್ತಾನೆ. ಎಂಟಡಿ ಪೈಪು, ಎರಡು ಎಲ್ಬೋ, ಗೋಡೆಯಲ್ಲಿ ಒಂದು ತೂತು. ಓನರಿಗೆ ತೋರಿಸಲು ಪತ್ರ ಬೇಕಾದರೆ ನಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದು ಕಳಿಸುತ್ತೇವೆ, ಅಂಚೆ ಖರ್ಚು ನಮ್ಮದೇ.